ಕಿವಿಗೆ ಹಿಡಿದ ಕಾಯಿ

ಬಿದ್ದು ಸತ್ತನಾ ಅಂತ ಕೇಳುವವರೇ ಎಲ್ಲ.
ಇಲ್ಲ ಕಣ್ರಪ್ಪಾ, ಬೀಳಲಿಲ್ಲ.
ಅರಸೀಕೆರೆಯಿಂದ ಹಾಸನದ ಆಸ್ಪತ್ರೆಗೆ ಹೊರಟ ಕೆಂಪು ಬಸ್ಸಲ್ಲಿ
ದುದ್ದ ದಾಟುವ ಹೊತ್ತಿಗೆ
ಕೂತಲ್ಲೇ ಹೋದ ಕೆಂಚರಂಗ.
ಕಿಟಕಿ ಸೀಟೇ ಬೇಕೆಂದು
ಯಾವನೋ ಕಾಲೇಜು ಹುಡುಗನನ್ನು ಎಬ್ಬಿಸಿ ಕೂತಿದ್ದನಂತೆ.
ಟಿಕೆಟ್ಟು ಮುಷ್ಟಿಯಲ್ಲಿತ್ತು.

ನಾವಿಬ್ಬರೂ ಕಾಯಿ ಸುಲಿಯುವವರು.
ಷಡಕ್ಷರಪ್ಪನ ತೋಟದ ಶೆಡ್ಡಿನ ಹಿಂದೆ
ನೆಲಕ್ಕೆ ಹೂತ ಎರಡು ಹಾರೆ, ಎದುರುಬದುರು,
ಸಾವಿರಕ್ಕೆ ಇಷ್ಟು ಅಂತ ಕೂಲಿ.
ನಾನು ಆರುನೂರರ ಹತ್ತಿರ ಎಲೆ ಅಡಿಕೆ ತಡಕುವಾಗ
ಅವನದು ಸಾವಿರ ಮುಗಿದು ಮೈಮೇಲಿನ ನಾರಿನ ಧೂಳು ಕೊಡವಿಯಾಗಿರುತ್ತಿತ್ತು.
ಬೇಗ ಮುಗಿದರೆ ಬೇಗ ಹೊರಡಬಹುದಲ್ಲ.

ಎಲ್ಲಿಗೆ?
ಸಂತೆಗಲ್ಲ, ನೆಂಟರ ಮನೆಗಲ್ಲ, ಹೆಂಡದಂಗಡಿಗಂತೂ ಅಲ್ಲ.
ಬಾಣಾವರದ ತನಕ ಹೋಗಿ, ಗೇಟಿನಲ್ಲಿ ನಿಂತು,
ಗೂಡ್ಸು ರೈಲಿನ ಡಬ್ಬಿ ಎಣಿಸಿ ಬರುವನು.
"ಐವತ್ತೆಂಟು" ಎನ್ನುವನು ಮರುದಿನ, ಹಾರೆಯ ಮುಂದೆ.
ಅಷ್ಟೇ ಕಥೆ.
ಒಂದ್ಸಲ ಮುಳ್ಳಯ್ಯನಗಿರಿಗೂ ಹೋದ, ಒಬ್ಬನೇ,
ಲುಂಗಿಯ ಮೇಲೆ ಹೆಂಡತಿಯ ಸ್ವೆಟರು ತೊಟ್ಟು.
ಏನು ಕಂಡೆಯೋ ಅಂದರೆ
"ಥಂಡಿ. ಗಾಡಿ ಬಿಸಿಯಾಗಲಿಲ್ಲ."

ಗಾಡಿ ಅಂದರೆ ರಾಜದೂತ್.
ಡೇರಿ ಕಾರ್ಯದರ್ಶಿ ಮಾರಿದ್ದು, ಮೂರನೇ ಕೈಯೋ ನಾಲ್ಕನೆಯದೋ.
ಆ ದುಡ್ಡಿಗೆ ಎಮ್ಮೆ ಬರ್ತಿತ್ತಲ್ಲೋ ಅಂತ ಊರೇ ಅಂದಾಗ
ನಕ್ಕು ಹೇಳಿದ್ದ:
"ಎಮ್ಮೆ ಮೇಲೆ ಬಾಣಾವರಕ್ಕೆ ಹೋಗಕ್ಕಾಗ್ತದಾ?
ಅದರ ಗಂಡನ್ನ ಹತ್ತೋನು ಒಬ್ಬ ಅವ್ನೆ, ಬಂದಾಗ ನೋಡಾನ."
ಬಂದವನು ಕೋಣ ಬಿಟ್ಟು ಬಸ್ಸಲ್ಲಿ ಬಂದ.

ಅಟ್ಟದ ಮೇಲೆ ವರ್ಷ ಒಣಗಿದ ಕಾಯಿಯನ್ನು
ಕಿವಿ ಹತ್ತಿರ ಹಿಡಿದು ಅಲ್ಲಾಡಿಸುವನು.
ಲೊಟಕ್ ಲೊಟಕ್ ಅಂದರೆ
ನೀರು ಇಂಗಿ ಗಿಟುಕು ಕಳಚಿಕೊಂಡಿದೆ, ಸುಲಿ.
ಗುಳುಗುಳು ಅಂದರೆ ಇನ್ನೂ ಹಸಿ,
"ಅಟ್ಟಕ್ಕೆ ಹಾಕು, ಇದರ ಹೊತ್ತು ಬಂದಿಲ್ಲ."
ಅದೇ ಕಿವಿ ಇಂಜಿನ್ನಿಗೂ.
ಖಲಂದರ್ ಸಾಬಿ ಸ್ಪ್ಯಾನರು ಹಿಡಿದು ಬೆವರುತ್ತಿದ್ದರೆ
ಇವನು ಕಣ್ಣು ಮುಚ್ಚಿ, "ಎಡಗಡೆ, ಒಳಗೆ, ಏನೋ ಸಡಿಲ."
ಸಡಿಲವೇ ಇರುತ್ತಿತ್ತು.
ತನ್ನ ಎದೆಯೊಳಗಿನದು ಕೇಳಿಸಲಿಲ್ಲವೋ
ಕೇಳಿಸಿಯೂ ಸುಮ್ಮನಿದ್ದನೋ.

ನನಗೆ ಸೈಕಲ್ಲೂ ಬಾರದು.
ಅವನ ಹಿಂದೆ ಒಂದೇ ಒಂದು ಸಲ ಕೂತಿದ್ದೆ,
ಹಿರೇಕಲ್ ಗುಡ್ಡದ ಕಡೆಯಿಂದ ಇಳಿಯುವಾಗ.
ಸಿಪ್ಪೆಯ ಒಗರಿಗೆ ಕಪ್ಪಾಗಿ ಬಿರಿದ ಆ ಕೈಗಳು
ಹ್ಯಾಂಡಲ್ಲನ್ನು ಕೋಳಿಮೊಟ್ಟೆಯಂತೆ ಹಿಡಿದಿದ್ದವು.
ನಡು ಇಳಿಜಾರಲ್ಲಿ ಇಂಜಿನ್ ಆರಿಸಿಬಿಟ್ಟ ಪಾಪಿ.
"ಕೇಳು" ಅಂದ.
ನನ್ನ ಹಲ್ಲು ಕಟಕಟಿಸಿದ್ದು ಬಿಟ್ಟು
ನನಗೇನೂ ಕೇಳಲಿಲ್ಲ ಆವತ್ತು.
ಏನು ಕೇಳಬೇಕಿತ್ತು ಅಂತ ಆಮೇಲೆ ವಿಚಾರಿಸಲೂ ಇಲ್ಲ.
ಹದಿನಾಲ್ಕು ವರ್ಷ ಎದುರುಬದುರು ಕೂತಿದ್ದೆವು,
ಕೇಳಬಹುದಿತ್ತು.

ಸಣ್ಣತಿಮ್ಮಕ್ಕ ಗಾಡಿ ಮಾರಿಲ್ಲ.
ಕ್ಯಾರಿಯರಿನ ಮೇಲೆ ಕೋಳಿ ಕಾವು ಕೂತಿದೆ.
"ವಾರಕ್ಕೊಂದಪ ಸ್ಟಾರ್ಟ್ ಮಾಡಿಕೊಡಣ್ಣ" ಅಂದಳು,
"ಓಡಿಸಬೇಡ, ಸುಮ್ಮನೆ ಸದ್ದು ಮಾಡಲಿ."
ಸೋಮವಾರ ಸೋಮವಾರ ಹೋಗುತ್ತೇನೆ.
ಏಳೆಂಟು ಸಲ ಒದೆಯಬೇಕು, ಅದೂ ನನ್ನ ಮೊಣಕಾಲಿಗೆ ಒದೆಯುತ್ತದೆ.
ಹತ್ತಿಕೊಂಡಾಗ ಕರು ಬೆಚ್ಚುತ್ತದೆ,
ಅವಳು ಮೊರ ಕೆಳಗಿಟ್ಟು ಗೋಡೆಗೆ ಒರಗಿ ನಿಲ್ಲುತ್ತಾಳೆ,
ಹೊಗೆ ತಿಳಿಯಾಗುವ ತನಕ
ರಾಗಿ ಕೇರುವುದಿಲ್ಲ.

ಇವತ್ತು ಹತ್ತಲಿಲ್ಲ.
ಇಪ್ಪತ್ತು ಸಲ ಒದ್ದೆ. ಕೋಳಿ ಎದ್ದು ಬೈದು ಹೋಯಿತು.
ಪೆಟ್ರೋಲು ಮುಗಿದಿರಬೇಕು ಅಂದಳು ಸಣ್ಣತಿಮ್ಮಕ್ಕ,
ಮುಖ ಅತ್ತ ತಿರುಗಿಸಿ.
ಮುಚ್ಚಳದ ಬೀಗದ ಕೈ ಅವನ ಅಂಗಿ ಜೇಬಲ್ಲಿತ್ತು,
ಅಂಗಿ ಅವನ ಜೊತೆಗೇ ಹೋಗಿತ್ತು.
ಇನ್ನೇನು ಮಾಡಲಿ, ಬಗ್ಗಿ
ಟ್ಯಾಂಕಿಗೆ ಕಿವಿಯಿಟ್ಟು
ಗಾಡಿಯನ್ನು ಮೆಲ್ಲಗೆ ಅಲ್ಲಾಡಿಸಿದೆ.

ಗುಳುಗುಳು.